ಶೇಂಗಾ ಹಿಡಿದ ಮಣಿಕಟ್ಟು

ಯಾರಾದರೂ ಅಚಾನಕ್ಕಾಗಿ ನನ್ನ ಎಡಗೈ ಮಣಿಕಟ್ಟು ಮುಟ್ಟಿದರೆ ನಾನು ಈಗಲೂ ಅವರ ಮುಖ ನೋಡುವುದಿಲ್ಲ. ಬಾಗಿಲು ಎಲ್ಲಿದೆ ಎಂದು ನೋಡುತ್ತೇನೆ. ಮೊನ್ನೆ ಬಳೆ ಅಂಗಡಿಯಾಕೆ ಅಳತೆಗೆಂದು ಕೈ ಹಿಡಿದಾಗಲೂ ಹಾಗೇ ಆಯಿತು. ಆಕೆ ಏನೋ ಹೇಳಿ ನಗುತ್ತಿದ್ದಳು. ನಾನು ಆಗಲೇ ಅಂಗಡಿಯ ಹೊರಗೆ, ಬಿಸಿಲಿನಲ್ಲಿ ನಿಂತಿದ್ದೆ.

ನಾನು ಕೆಲಸ ಮಾಡುವುದು ದಿಕ್ಕಿಲ್ಲದ ನಾಯಿಗಳನ್ನು ಇಟ್ಟು ಸಾಕಿ, ಆಮೇಲೆ ಮನೆಗಳಿಗೆ ದತ್ತು ಕೊಡುವ ಒಂದು ಕೇಂದ್ರದಲ್ಲಿ. ಹೈದರಾಬಾದಿನ ವರ್ತುಲ ರಸ್ತೆಯ ಆಚೆ, ಬಂಡೆಗಳ ನಡುವೆ ಅದರ ತಗಡಿನ ಗೂಡುಗಳ ಸಾಲುಗಳಿವೆ. ದತ್ತು ಕೇಳಿಕೊಂಡು ಬಂದವರ ಜೊತೆ ಮಾತಾಡುವುದು, ಅವರ ಮನೆ ನೋಡಿ ಬರುವುದು, ನಾಯಿ ಕೊಟ್ಟ ಮೇಲೆ ಕೆಲವು ವಾರ ಫೋನು ಮಾಡಿ ಹೋಗಿ ಬಂದು ವಿಚಾರಿಸುವುದು ನನ್ನ ಪಾಲಿನದು.

ಶೇಂಗಾ ಬಂದಾಗ ಅವಳ ಹೆಸರು ಅವಳ ಜೊತೆಗೇ ಬಂದಿತ್ತು. ಊರಿನ ಪಶ್ಚಿಮಕ್ಕೆ ಒಂದು ಗೋಪುರದಂಥ ಕಟ್ಟಡ ಮುಗಿದು, ಕೂಲಿಯವರ ತಗಡಿನ ಶೆಡ್ಡುಗಳನ್ನು ಬಿಚ್ಚುತ್ತಿದ್ದರಂತೆ. ಯಾದಗಿರಿ ಕಡೆಯ ಹೆಂಗಸೊಬ್ಬಳು ನಮ್ಮ ವ್ಯಾನಿನ ಚಾಲಕನ ಕೈಗೆ ಹಗ್ಗದ ತುದಿ ಕೊಟ್ಟು, ಇದರ ಹೆಸರು ಶೇಂಗಾ ಎಂದು ಹೇಳಿ, ತನ್ನ ಫೋನ್ ನಂಬರನ್ನೂ ಕೊಟ್ಟಿದ್ದಳು. ಬಣ್ಣ ನೋಡಿದರೆ ಹೆಸರು ತಾನೇ ತಿಳಿಯುತ್ತಿತ್ತು. ಹುರಿದ ಶೇಂಗಾದ ಸಿಪ್ಪೆಯ ಕೆಂಪು, ನಾಲ್ಕೂ ಕಾಲಿಗೆ ಬಿಳಿ, ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಿಸಿಟ್ಟ ಹಾಗೆ. ಅರ್ಧ ಊರನಾಯಿ, ಉಳಿದರ್ಧ ಯಾವ ಜಾತಿಯೋ ನಮ್ಮ ವೈದ್ಯರಿಗೂ ಹೇಳಲಾಗಲಿಲ್ಲ. ಯಾರು ಗೂಡಿನ ಮುಂದೆ ಹಾದರೂ ಮೈಯನ್ನು ಬಿಲ್ಲಿನಂತೆ ಬಗ್ಗಿಸಿಕೊಂಡು ಬರುತ್ತಿದ್ದಳು. ಬಾಲ ತಗಡಿಗೆ ಬಡಿದು ಇಡೀ ಸಾಲಿಗೇ ಸದ್ದಾಗುತ್ತಿತ್ತು. ಒಳಗೆ ಹೋದರೆ ಎರಡು ಸುತ್ತು ಓಡಿ, ಬಂದು, ನಮ್ಮ ಪಾದದ ಮೇಲೆ ಪೂರ್ತಿ ಭಾರ ಹಾಕಿ ಮಲಗಿಬಿಡುವಳು.

ದತ್ತಿಗೆ ಕೊಡುವ ಮೊದಲಿನ ಕೆಲಸಗಳೆಲ್ಲ ಆದವು. ಬೇರೆ ಗೂಡಿನಲ್ಲಿ ಇಟ್ಟು ಕಾಯ್ದದ್ದು, ರೇಬಿಸ್ ಲಸಿಕೆ, ಹೊಟ್ಟೆಹುಳದ ಔಷಧ, ಸಂತಾನಹರಣ ಶಸ್ತ್ರಚಿಕಿತ್ಸೆ, ಗುರುತಿಗೆ ಕಿವಿಯ ತುದಿಯಲ್ಲೊಂದು ಕಚ್ಚು. ಸ್ವಭಾವ ನೋಡಲು ನಾವೊಂದು ಕೋಲಿಗೆ ಬಟ್ಟೆ ತುಂಬಿದ ಕೈಗವಸು ಕಟ್ಟಿಟ್ಟುಕೊಂಡಿದ್ದೇವೆ. ನಾಯಿ ತಿನ್ನುವಾಗ ಆ ಸುಳ್ಳುಕೈಯನ್ನು ಬಟ್ಟಲಿಗೆ ಚಾಚುತ್ತೇವೆ. ಕೆಲವು ಗುರುಗುಡುತ್ತವೆ, ಕೆಲವು ಕಚ್ಚಿ ಎಳೆಯುತ್ತವೆ. ಶೇಂಗಾ ಊಟ ಬಿಟ್ಟು ಆ ಕೈಯನ್ನು ನೆಕ್ಕಿದಳು.

ಮೊದಲು ಅವಳನ್ನು ಕೊಟ್ಟದ್ದು ಮೆಹದಿಪಟ್ಟಣದ ಹೊಸ ದಂಪತಿಗೆ. ವಾರ ಕಳೆಯುವ ಮೊದಲೇ ಗಂಡ ಆಟೋದಲ್ಲಿ ಅವಳನ್ನು ತಂದುಬಿಟ್ಟ. ಆಟೋದಲ್ಲೂ ಅವಳು ಅವನ ತೊಡೆಯ ಮೇಲೇ ಕೂತಿದ್ದಳು.

"ಪ್ಯಾರಿ ಹೈ ಮೇಡಮ್, ಬಹುತ್ ಪ್ಯಾರಿ ಹೈ," ಎಂದ ಆತ, ಕಣ್ಣು ತಪ್ಪಿಸುತ್ತ. "ಲೇಕಿನ್ ಬೀವಿ ಕಾ ಹಾಥ್ ಪಕಡ್ ಲೇತಿ. ದಾಂತ್ ಸೇ."

ಮುದ್ದಿನವಳೇ, ಆದರೆ ಹೆಂಡತಿಯ ಕೈಯನ್ನು ಹಲ್ಲಿನಿಂದ ಹಿಡಿಯುತ್ತಾಳೆ. ಆಟವಾಡುತ್ತಲೋ ಎಂದು ಕೇಳಿದೆ. ಇಲ್ಲ, ಆಟ ಬಿಟ್ಟು, ಎಂದ. ಹಿಡಿಯುವಾಗ ನಮ್ಮನ್ನು ನೋಡುವುದೇ ಇಲ್ಲ, ಅದೇ ಹೆದರಿಕೆ, ಎಂದ.

ಆಟೋ ಹೋದ ಮೇಲೆ ವ್ಯಾನಿನ ಚಾಲಕ ಅವಳ ಬೆನ್ನು ತಟ್ಟುತ್ತ ಗೊಣಗಿದ: "ಉನೇ ಕಾಟ್ತೀ ನೈ ಮೇಡಮ್. ಪಕಡ್ತೀ, ಬಸ್." ಕಚ್ಚುವುದಿಲ್ಲ, ಹಿಡಿಯುತ್ತಾಳೆ ಅಷ್ಟೇ. ಆದರೆ ನಮ್ಮ ಮೇಲ್ವಿಚಾರಕಿಗೆ ಆ ವ್ಯತ್ಯಾಸ ಬೇಕಿರಲಿಲ್ಲ. ಮನುಷ್ಯರ ಮೈಗೆ ಹಲ್ಲು ತಾಗಿಸಿ ಎರಡು ಮನೆಗಳಿಂದ ಹಿಂದಿರುಗಿದ ನಾಯಿಯನ್ನು ಮತ್ತೆ ದತ್ತಿಗೆ ಇಡುವುದಿಲ್ಲ ಎಂಬುದು ನಮ್ಮಲ್ಲಿಯ ಕಟ್ಟಳೆ. ಅದು ಹಿಂದಿನ ಸಾಲಿಗೆ ಹೋಗುತ್ತದೆ. ಹಿಂದಿನ ಸಾಲಿನವುಗಳಿಗೂ ಊಟ ಔಷಧಿ ಎಲ್ಲ ಸಿಗುತ್ತದೆ. ಆದರೆ ಅವುಗಳ ಮುಂದೆ ಯಾರನ್ನೂ ಕರೆದುಕೊಂಡು ಹೋಗುವುದಿಲ್ಲ. ಮೊದಮೊದಲು ಅವು ಸದ್ದಾದಾಗಲೆಲ್ಲ ಎದ್ದು ನಿಲ್ಲುತ್ತವೆ. ಆಮೇಲೆ ನಿಲ್ಲುವುದಿಲ್ಲ.

"ರೆಂಡೋ ಇಲ್ಲು ಚೂಡು. ಮೂಡೋದಿ ಉಂಡದು," ಎಂದರು ಮೇಲ್ವಿಚಾರಕಿ ತೆಲುಗಿನಲ್ಲಿ. ಎರಡನೇ ಮನೆ ನೋಡು, ಮೂರನೆಯದು ಇರುವುದಿಲ್ಲ.

ಎರಡನೇ ಮನೆ ಮಿಯಾಪುರದ ಒಂದು ಹಳೆಯ ಅಪಾರ್ಟ್‌ಮೆಂಟಿನಲ್ಲಿ ಸಿಕ್ಕಿತು. ಬಾಗಲಕೋಟೆ ಕಡೆಯ ಕುಟುಂಬ. ಯಜಮಾನರು ಕೇಂದ್ರ ಸರಕಾರದ ಕಾರ್ಖಾನೆಯೊಂದರಲ್ಲಿ ತಂತ್ರಜ್ಞ, ಹೆಂಡತಿ ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಆಚೀಚಿನ ಮನೆಗಳಿಗೆ ಕೊಡುವಾಕೆ, ಶಾಲೆಗೆ ಹೋಗುವ ಒಬ್ಬ ಮಗಳು. ನಾನೂ ಹೈದರಾಬಾದಿನಲ್ಲೇ ಬೆಳೆದ ಬೀದರಿನವಳು ಎಂದು ತಿಳಿದ ಕೂಡಲೇ ಆಕೆ ನನ್ನನ್ನು ಮೇಡಮ್ ಅನ್ನುವುದು ಬಿಟ್ಟು ತಂಗಿ ಅನ್ನತೊಡಗಿದರು.

ಮನೆ ನೋಡಲು ಹೋದದ್ದು ಭಾನುವಾರ. ನಾವು ಯಾವಾಗಲೂ ಮನೆ ನೋಡುವುದು ಭಾನುವಾರವೇ. ಆ ದಿನ ಮನೆಮಂದಿಯೆಲ್ಲ ಸಿಗುತ್ತಾರೆ, ಎಲ್ಲರ ಒಪ್ಪಿಗೆ ಕಣ್ಣಾರೆ ನೋಡಬಹುದು. ಬಾಲ್ಕನಿಯ ಸರಳಿನ ಸಂದು, ಮುಂಬಾಗಿಲ ಚಿಲಕ, ನಾಯಿ ಮಲಗುವ ಜಾಗ ಎಲ್ಲ ನೋಡಿದೆ. ಮೊದಲ ಮಹಡಿ, ಹಿಂಭಾಗದ ಮೂಲೆಯ ಮನೆ. ಅಡುಗೆಮನೆಯ ಆಚೆ ಪಾತ್ರೆ ತೊಳೆಯುವ ಇಕ್ಕಟ್ಟಾದ ಜಾಗ. ಅಲ್ಲಿಂದ ಬಗ್ಗಿ ನೋಡಿದರೆ ಕಾಂಪೌಂಡ್ ಗೋಡೆ, ಗೋಡೆಯ ಆಚೆ ಒಂದು ದೊಡ್ಡ ಗುಂಡಿ. ಹೊಸ ಕಟ್ಟಡಕ್ಕೆ ನೆಲದೊಳಗೆ ಮೂರು ಅಂತಸ್ತು ಇಳಿಸುತ್ತಿದ್ದಾರಂತೆ. ತಳದಲ್ಲಿ ನಿಂತ ನೀರಿನಲ್ಲಿ ಆಕಾಶ ಕಾಣುತ್ತಿತ್ತು. ಒಬ್ಬ ಆಳೂ ಇರಲಿಲ್ಲ. ಎಷ್ಟು ಶಾಂತವಾಗಿದೆ ಅಂದುಕೊಂಡೆ.

ತೊಳೆಯುವ ಜಾಗದ ಬಾಗಿಲನ್ನು ಮುಚ್ಚಿ ಬಂದೆ. ಅದು ತಾನಾಗಿ, ನಿಧಾನಕ್ಕೆ, ಮತ್ತೆ ತೆರೆದುಕೊಂಡಿತು.

"ಹಂಗಽ ಅದು," ಎಂದು ಮನೆಯಾಕೆ ನಕ್ಕರು. "ಮೊದಲ ಬಿಗಿ ಇತ್ತು, ಒದ್ದು ತೆಗೀಬೇಕಿತ್ತು. ಈಗ ಗಾಳಿ ಇಲ್ಲದ ತೆರೀತೈತಿ. ಯಾರೋ ಬರ್ತಾರಂತ ಚಾ ಇಡೂದೊಂದು ಬಾಕಿ ಐತಿ ನೋಡ್ರಿ ತಂಗಿ."

ಶೇಂಗಾ ಆ ಮನೆಗೆ ಹೋದಳು. ಮೊದಲ ದಿನಗಳ ಸುದ್ದಿಯೆಲ್ಲ ನಗುವಿನದು. ಹಿಟ್ಟಿನ ಪಾತ್ರೆಗೆ ಮೂತಿ ಹಾಕಿ ಬೆಳ್ಳಗಾಗಿ ಬಂದಳು, ಮಗಳ ಹಾಸಿಗೆಯಲ್ಲಿ ಅಡ್ಡ ಮಲಗಿ ಅವಳನ್ನೇ ಕೆಳಗೆ ತಳ್ಳಿದಳು. ಆಮೇಲೆ ಮನೆಯಾಕೆಯ ದನಿ ಬದಲಾಯಿತು.

"ತಂಗಿ, ಚೆಂದಂಗ ಆಡಕೋತ ಇರ್ತಾಳ. ಒಮ್ಮಿಂದೊಮ್ಮೆ ಬಾಲ ಇಳಸ್ತಾಳ. ಬಂದು ಇಲ್ಲಿ ಹಿಡೀತಾಳ. ನಮ್ಮ ಹಿಂದ ಯಾರೋ ನಿಂತಾರೇನೋ ಅನ್ನೂ ಹಂಗ ನೋಡ್ತಾಳ್ರಿ. ನಾನು ಹೊಳ್ಳಿ ನೋಡಿದ್ರ ಯಾರೂ ಇಲ್ಲ."

ನಮ್ಮಲ್ಲಿ ಇದಕ್ಕೆ ಕೆಲವು ದಾರಿಗಳಿವೆ. ಕೈ ಹಿಡಿದರೆ ಕಿರುಚದೆ, ಎಳೆಯದೆ, ಕಂಬದಂತೆ ನಿಲ್ಲುವುದು. ಬಾಯಿಗೆ ಕೈಯ ಬದಲು ಹಗ್ಗದ ಗಂಟು ಕೊಡುವುದು. ಬಿಟ್ಟ ತಕ್ಷಣ ಬೇಯಿಸಿದ ಕೋಳಿಯ ತುಣುಕು ಕೊಡುವುದು. ಬೆಳಗಿನ ಓಟ ಹೆಚ್ಚಿಸಿದರೆ ಮೈಯೊಳಗಿನ ಹುರುಪು ಇಳಿದು ಇದೂ ನಿಲ್ಲುತ್ತದೆ ಎಂದೂ ಹೇಳಿದೆ. ಒಂದೂ ನಡೆಯಲಿಲ್ಲ. ಕಂಬದಂತೆ ನಿಂತರೆ ಅವಳು ಇನ್ನೂ ಜೋರಾಗಿ ಎಳೆಯುತ್ತಿದ್ದಳು. ಹಗ್ಗವನ್ನು ಉಗುಳುತ್ತಿದ್ದಳು. ಕೋಳಿಯ ತುಣುಕು ಬಾಯಿಂದ ಜಾರಿ ನೆಲದ ಮೇಲೆ ಹಾಗೇ ಬಿದ್ದಿರುತ್ತಿತ್ತು. ಹಸಿದ ನಾಯಿ ಅದನ್ನು ದಾಟಿ ಹೋಗಿ ಮತ್ತೆ ಕೈಯನ್ನೇ ಹಿಡಿಯುತ್ತಿತ್ತು. ಈ ಕೆಲಸದಲ್ಲಿ ನಾನು ಅಂಥದ್ದನ್ನು ನೋಡಿರಲಿಲ್ಲ.

ಒಂದು ಮಧ್ಯಾಹ್ನ ಮನೆಯಾಕೆ ಕೈ ಕೊಸರಿಕೊಂಡರು. ಹಲ್ಲು ಗೀರಿ ರಕ್ತ ಬಂತು. ಸೋಪು ಹಾಕಿ ಹರಿಯುವ ನೀರಲ್ಲಿ ಚೆನ್ನಾಗಿ ತೊಳೆಯಲು ಫೋನಿನಲ್ಲೇ ಹೇಳಿ, ನಾಯಿಗೆ ಲಸಿಕೆ ಆಗಿದ್ದರೂ ಆಕೆಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಚುಚ್ಚುಮದ್ದು ಹಾಕಿಸಿದೆ. ಯಜಮಾನರು ಕಾರ್ಖಾನೆಯಿಂದ ನೇರ ಅಲ್ಲಿಗೇ ಬಂದರು.

"ಕರಕೊಂಡು ಹೋಗ್ರಿ. ಪ್ರೀತಿ ಐತಿ, ಇಲ್ಲ ಅನ್ನಂಗಿಲ್ಲ. ಆದ್ರ ನಾಳೆ ಮಗಳ ಕೈ ಹಿಡದ್ರ?"

ನಾನು ಒಂದೇ ಒಂದು ದಿನ ಕೇಳಿದೆ. ಕೆಲಸದ ದಿನ ಬಂದು ಮನೆಯಲ್ಲಿ ಸುಮ್ಮನೆ ಕೂತು ನೋಡುತ್ತೇನೆ. ಏನೂ ತಿಳಿಯದಿದ್ದರೆ ಸಂಜೆ ಅವಳನ್ನು ಕರೆದುಕೊಂಡೇ ಹೋಗುತ್ತೇನೆ ಎಂದೆ. ಹಿಂದಿನ ಸಾಲಿನ ವಿಷಯವನ್ನೂ ಹೇಳಿದೆ. ಹೇಳಬಾರದಿತ್ತೇನೋ. ಮನೆಯಾಕೆ ಬ್ಯಾಂಡೇಜಿನ ಕೈಯನ್ನೇ ನೋಡುತ್ತ, "ಬರ್ಲಿ ಬಿಡ್ರಿ, ಒಂದು ದಿನ," ಎಂದು ಗಂಡನಿಗೆ ಹೇಳಿದರು.

ಆ ದಿನ ಹಾಲಿನ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ಮಗಳು ಶಾಲೆಗೆ, ಯಜಮಾನರು ಕೆಲಸಕ್ಕೆ ಹೋಗಿದ್ದರು. ಮನೆಯಾಕೆ ರೊಟ್ಟಿ ಬಡಿಯುವ ಸದ್ದು. ಶೇಂಗಾ ನನ್ನ ಪಾದದ ಮೇಲೆ ಮಲಗಿ, ಎದ್ದು, ಹಗ್ಗ ತಂದು, ಎಳೆದಾಡಿ, ಮತ್ತೆ ಮಲಗಿದಳು. ಗುಂಡಿಯ ಕಡೆಯಿಂದ ಯಂತ್ರಗಳ ಗೊರಗೊರ ಬೆಳಗಿನಿಂದ ಬರುತ್ತಲೇ ಇತ್ತು. ಊಟದ ಹೊತ್ತಿಗೆ ಅದು ನಿಂತಿತು. ಆ ನಿಶ್ಶಬ್ದದೊಳಗೆ ಎಲ್ಲೋ ಕೆಳಗೆ ಯಾರೋ ಉದ್ದಕ್ಕೆ ಸೀಟಿ ಊದಿದರು.

ಶೇಂಗಾಳ ಬಾಲ ಇಳಿಯಿತು. ಎದ್ದಳು. ಅವಳ ಕಣ್ಣು ನನ್ನ ಮೇಲಿದ್ದರೂ ನೋಟ ನನ್ನ ಭುಜ ದಾಟಿ ಹೋಗಿತ್ತು. ಅಡುಗೆಮನೆಗೆ ಹೋಗಿ ಆಕೆಯ ಮಣಿಕಟ್ಟು ಹಿಡಿದು ಮುಂಬಾಗಿಲ ಕಡೆ ಎಳೆಯತೊಡಗಿದಳು. ಬಾಯಿ ಎಷ್ಟು ಮೃದುವಾಗಿತ್ತೆಂದರೆ ಕೈಗಂಟಿದ ಹಿಟ್ಟು ಕೂಡ ಹಾಗೇ ಇತ್ತು. ಆಗ ನೆಲದೊಳಗಿಂದ ಢಮ್ ಎಂದು ಬಂತು. ಗೂಡಿನಲ್ಲಿದ್ದ ಚಹದ ಕಪ್ಪುಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಅಂದವು. ಬಕೆಟ್ಟಿನ ನೀರಿನಲ್ಲಿ ಉಂಗುರಗಳೆದ್ದವು. ಎಲ್ಲ ನಿಂತ ಮೇಲೆ ಶೇಂಗಾ ಕೈ ಬಿಟ್ಟು, ಬಾಲ ಎತ್ತಿ, ಹಗ್ಗ ಹುಡುಕಿಕೊಂಡು ಹೋದಳು.

ಬಂಡೆ ಒಡೆಯುವ ಸಿಡಿಮದ್ದು. ಹಚ್ಚುವ ಮೊದಲು ಸೀಟಿ ಊದುತ್ತಾರೆ.

"ದಿನಾ ಹಾರಸ್ತಾರಲ್ರಿ," ಎಂದರು ಮನೆಯಾಕೆ. "ನಮಗ ರೂಢಿ ಆಗೇತಿ, ಕೇಳಿಸೂದಽ ಇಲ್ಲ. ಐತಾರಕ್ಕ ಅಷ್ಟಽ ಸೂಟಿ." ಆಮೇಲೆ ಒಲೆಯ ಕಡೆ ನೋಡಿ, "ಹೌದಽ... ಕುಕ್ಕರ್ ಸೀಟಿ ಹೊಡದಾಗೂ ಹಿಡೀತಾಳ ತಂಗಿ. ಬ್ಯಾಳಿ ಬೇಕೇನೋ ಅಂದ್ಕೊಂಡಿದ್ದೆ!"

ಮೆಹದಿಪಟ್ಟಣದ ಗಂಡನಿಗೆ ಫೋನು ಮಾಡಿ ಕೇಳಿದೆ. ಹೌದು, ಅಡುಗೆಮನೆಯಲ್ಲೇ, ಕುಕ್ಕರ್ ಕೂಗಿದಾಗ, ಎಂದ. ನಮ್ಮ ಕೇಂದ್ರದಲ್ಲಿ ಅಡುಗೆಯೆಲ್ಲ ತೆರೆದ ಹಂಡೆಯಲ್ಲಿ. ಅಲ್ಲಿ ಸೀಟಿ ಎಂಬುದೇ ಇಲ್ಲ. ಭಾನುವಾರ ಮಿಯಾಪುರದ ಗುಂಡಿಯಲ್ಲೂ ಇಲ್ಲ. ನಾವು ಅವಳನ್ನು ನೋಡಿದ್ದೆಲ್ಲ ಸೀಟಿ ಇಲ್ಲದ ಜಾಗದಲ್ಲಿ, ಸೀಟಿ ಇಲ್ಲದ ದಿನ.

ಚಾಲಕನಿಂದ ಆ ಯಾದಗಿರಿಯ ಹೆಂಗಸಿನ ನಂಬರು ತೆಗೆದುಕೊಂಡೆ. ಆಕೆ ಈಗ ಬೇರೆಲ್ಲೋ ಕೆಲಸಕ್ಕಿದ್ದಳು. ಹಿಂದೆ ಮಕ್ಕಳ ಗಲಾಟೆ ಕೇಳುತ್ತಿತ್ತು.

"ಅಯ್ಯ ಬೇ, ಬದುಕೈತೇನ್ರಿ!" ಎಂದು ಮೊದಲು ಖುಷಿಪಟ್ಟಳು. ಕೈ ಹಿಡಿಯುವುದನ್ನು ಹೇಳಿದಾಗ ಅವಳಿಗೆ ಆಶ್ಚರ್ಯವೇ ಆಗಲಿಲ್ಲ. "ಸೀಟಿ ಹೊಡದ್ರ ನಾವು ಕೂಸುಗಳ ಕೈ ಹಿಡದು ಓಡತಿದ್ವಿ, ತಗಡಿನ ಮರೆಗೆ. ಸಣ್ಣ ಮರಿ ಇದ್ದಾಗಿಂದ ಅದನ್ನಽ ನೋಡಿ ಬೆಳದೈತ್ರಿ ಅದು. ಆಮ್ಯಾಲ ತಾನೂ ಹಿಡಿಯಾಕ ಹತ್ತಿತು. ಎಲ್ಲಾರೂ ಬರೂತನಕ ಒಬ್ಬೊಬ್ಬರನ್ನಽ ಕರಕೊಂಡು ಬರ್ತಿತ್ತು. ಸೂಪರ್ವೈಜರ್ ಎಲ್ಲಾ ಮುಗೀತಂತ ಎರಡನೇ ಸೀಟಿ ಹೊಡದ್ರೂ ನಾವು ಹೊಳ್ಳಿ ಹೋಗ್ತಿದ್ದಿಲ್ರಿ. ಅದು ಬಿಟ್ಟ ಮ್ಯಾಲಽ ಹೋಗೂದು." ಆಮೇಲೆ ಕೇಳಿದಳು: "ನೀವು ಹೋಗ್ತೀರಿಲ್ರಿ, ಅದು ಎಳದ್ರ?"

ಹೋಗುತ್ತಿರಲಿಲ್ಲ. ಹೋಗಬೇಡಿ ಎಂದು ಹೇಳಿಕೊಟ್ಟವಳು ನಾನೇ.

ಆ ರಾತ್ರಿ ಯೋಚಿಸಿ ನಾನು ತೀರ್ಮಾನ ಬದಲಿಸಿದೆ. ತಡೆಯುವುದು ಬೇಡ, ಅವಳು ಹಿಡಿದರೆ ಎಲ್ಲರೂ ಅವಳ ಜೊತೆ ಹೊರಗೆ ಹೋಗುವುದು. ಅವಳೇ ಬಿಟ್ಟಾಗ ತಿಂಡಿ ಕೊಟ್ಟು ಒಳಗೆ ಬರುವುದು. ಮೊದಲು ಬೀದಿಯವರೆಗೆ, ಆಮೇಲೆ ಮೆಟ್ಟಿಲವರೆಗೆ, ಆಮೇಲೆ ಹೊಸ್ತಿಲವರೆಗೆ ದಾರಿಯನ್ನು ನಿಧಾನಕ್ಕೆ ಗಿಡ್ಡ ಮಾಡುತ್ತ, ಕೊನೆಗೆ ಬಾಗಿಲ ಬಳಿಯ ಚಾಪೆಯ ಮೇಲೆ ಎಲ್ಲರೂ ಒಂದು ಗಳಿಗೆ ನಿಂತರೆ ಅವಳಿಗೆ ಸಾಕಾಗುವಂತೆ ಮಾಡುವುದು. ಸೀಟಿ ನಮ್ಮ ಕೈಯಲ್ಲಿರಬೇಕು, ಸಿಡಿಮದ್ದು ಇರಬಾರದು. ಅಂದರೆ ಶುರುಮಾಡುವುದು ಭಾನುವಾರವೇ ಆಗಬೇಕು. ಯಜಮಾನರು ಒಪ್ಪಿದರು. "ಇದೊಂದು ಐತಾರ," ಎಂದರು. ಕೆಲಸ ಆಗದಿದ್ದರೆ ಅದೇ ಸಂಜೆ ಶೇಂಗಾ ನನ್ನ ಜೊತೆ ಹಿಂದಿನ ಸಾಲಿಗೆ ಎಂಬುದು ಇಬ್ಬರಿಗೂ ಗೊತ್ತಿತ್ತು.

ಆಟದ ಸಾಮಾನಿನ ಅಂಗಡಿಯಲ್ಲಿ ಒಂದು ಉಕ್ಕಿನ ಸೀಟಿ ಕೊಂಡೆ. ಅದು ನನ್ನ ಕುರ್ತಾದ ಬಲ ಜೇಬಿನಲ್ಲಿತ್ತು. ಇದನ್ನು ನಾನು ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಬಲ ಜೇಬಿನಲ್ಲಿ.

ಬೆಳಗಿನ ಹೊತ್ತು, ಬಿಸಿಲು ಚೆನ್ನಾಗಿತ್ತು. ಗುಂಡಿಯಲ್ಲಿ ಕೆಲಸವಿರಲಿಲ್ಲ. ಎಲ್ಲರೂ ಎಂದಿನಂತೆ ಇರಿ ಎಂದು ಹೇಳಿದ್ದೆ. ಮನೆಯಾಕೆ ತೊಳೆಯುವ ಜಾಗದಲ್ಲಿ ನಲ್ಲಿ ಬಿಟ್ಟುಕೊಂಡು ಪಾತ್ರೆ ತಿಕ್ಕುತ್ತಿದ್ದರು. ಯಜಮಾನರು ಪೇಪರು ಹಿಡಿದಿದ್ದರು, ಓದುತ್ತಿರಲಿಲ್ಲ. ಮಗಳು ಶೇಂಗಾಳ ಜೊತೆ ಹಗ್ಗ ಎಳೆದಾಡುತ್ತಿದ್ದಳು. ಶೇಂಗಾ ಗುರ್ರೆಂದು ಸುಳ್ಳುಸುಳ್ಳೇ ಸಿಟ್ಟು ಮಾಡುತ್ತ, ಬಾಲ ಬೀಸುತ್ತ, ನೆಲದ ಮೇಲೆ ಜಾರುತ್ತಿದ್ದಳು. ಇನ್ನು ಊದಬೇಕು ಅಂದುಕೊಂಡೆ.

ಶೇಂಗಾ ಹಗ್ಗ ಬಿಟ್ಟಳು.

ಬಾಲ ಇಳಿಯಿತು. ತೊಳೆಯುವ ಜಾಗದ ಹೊಸ್ತಿಲವರೆಗೆ ಹೋಗಿ ನಿಂತು, ತಲೆ ಒಂದು ಕಡೆ ವಾಲಿಸಿದಳು. ನಲ್ಲಿಯ ಸದ್ದು ಬಿಟ್ಟರೆ ಏನೂ ಇಲ್ಲ. ತಿರುಗಿ ಬಂದು ನನ್ನ ಎಡಗೈ ಮಣಿಕಟ್ಟು ಹಿಡಿದಳು. ಬಾಯಿ ಬಿಸಿಯಾಗಿತ್ತು.

"ಊದೇ ಇಲ್ಲಲ್ರಿ ನೀವು!" ಯಜಮಾನರು ನಕ್ಕರು.

"ಊದಿಲ್ರಿ," ಎಂದೆ. "ಆದ್ರೂ ಹೋಗೂಣು. ಹಿಡದ್ರ ಹೋಗೂದು ಅಂತ ಮಾತಾಗೇತಿ."

ಅವಳು ನನ್ನನ್ನು ಬಾಗಿಲ ಕಡೆ ಎಳೆಯಲಿಲ್ಲ. ಅಡುಗೆಮನೆಯೊಳಗೆ ಎಳೆದುಕೊಂಡು ಹೋಗಿ, ನನ್ನ ಕೈ ಬಿಟ್ಟು, ಮನೆಯಾಕೆಯ ಸೋಪಿನ ಕೈ ಹಿಡಿದಳು.

"ಏ ಶೇಂಗಾ, ತಡಿಯಽ! ನಲ್ಲಿ ಬಂದ್ ಮಾಡಿ ಬರ್ತೀನಿ."

"ಬಿಡ ಅದನ್ನ," ಎಂದು ಯಜಮಾನರು ಹಾಲಿನಿಂದಲೇ ಕೂಗಿದರು. "ಪರೀಕ್ಷಾ ಅಂದ್ರ ಪರೀಕ್ಷಾ. ಬಾ."

ನಲ್ಲಿ ಹರಿಯುತ್ತಲೇ ಇತ್ತು. ಬರಿಗಾಲಲ್ಲಿ ನಾವು ನಾಲ್ವರೂ ಮೆಟ್ಟಿಲಿಳಿದು, ಕೆಳಗಿನ ಪಾರ್ಕಿಂಗ್ ದಾಟಿ, ಗೇಟಿನ ಹೊರಗೆ ಬಂದೆವು. ಅವಳು ಅಲ್ಲಿಯೂ ನಿಲ್ಲದೆ ಬೀದಿ ದಾಟಿಸಿ, ಎದುರಿನ ಇಸ್ತ್ರಿ ಗಾಡಿಯ ಪಕ್ಕ ನಿಲ್ಲಿಸಿದಳು. ಇಸ್ತ್ರಿಯವ ಪೆಟ್ಟಿಗೆ ಎತ್ತಿ ಹಿಡಿದು ನಮ್ಮ ಪಾದಗಳನ್ನು ನೋಡಿದ.

"ಏಂಟಮ್ಮಾ, ಚೆಪ್ಪುಲು ಕೂಡಾ ಲೇಕುಂಡಾ? ಕುಕ್ಕ ಮಿಮ್ಮಲ್ನಿ ವಾಕಿಂಗ್‌ಕಿ ತೆಚ್ಚಿಂದಾ?" ಚಪ್ಪಲಿಯೂ ಇಲ್ಲದೆ, ನಾಯಿಯೇ ನಿಮ್ಮನ್ನು ವಾಕಿಂಗಿಗೆ ಕರೆತಂದಿತಾ ಎಂದು.

ನಕ್ಕೆವು. ಶೇಂಗಾ ಕೈ ಬಿಡಲಿಲ್ಲ.

"ಎಷ್ಟೊತ್ತು ನಿಲ್ಲೂದ್ರಿ?" ಎಂದರು ಯಜಮಾನರು.

"ಬಿಡೂತನಕ, ಅಪ್ಪಾ," ಎಂದಳು ಮಗಳು.

"ಟಾಂಕಿ ಖಾಲಿ ಆದ್ರ ಅಸೋಸಿಯೇಶನ್ನವರು ನನ್ನ ಹೆಸರು ಬೋರ್ಡಿಗಿ ಹಾಕ್ತಾರ," ಎಂದು ಮನೆಯಾಕೆ ಚಡಪಡಿಸಿದರು. "ಓಡಿ ಹೋಗಿ ನಲ್ಲಿ ತಿರುವಿ ಬಂದುಬಿಡ್ತೀನಿ ತಂಗಿ." ಆಕೆ ಮೆಲ್ಲಗೆ ಕೈ ಬಿಡಿಸಿಕೊಳ್ಳಲು ನೋಡಿದರು. ನಾನು ಆಕೆಯ ಇನ್ನೊಂದು ಕೈ ಹಿಡಿದುಕೊಂಡೆ. ಯಾಕೆ ಹಿಡಿದೆ ಎಂದರೆ ನಿಜ ಹೇಳಬೇಕು: ತರಬೇತಿ ಕೆಡಬಾರದೆಂದು. ಬೇರೆ ಏನೂ ನನ್ನ ತಲೆಯಲ್ಲಿರಲಿಲ್ಲ.

ಮೊದಲು ಬಂದದ್ದು ದೊಡ್ಡ ಸದ್ದಲ್ಲ. ತುಂಬಿದ ಗೋಣಿಚೀಲ ಹರಿದಂತೆ, ಉದ್ದಕ್ಕೆ. ಆಮೇಲೆ ಕಾಲಿನ ಕೆಳಗೆ ಗುಡುಗಿದಂತಾಯಿತು. ಕಟ್ಟಡದ ಹಿಂದಿನಿಂದ ಕೆಂಪು ಧೂಳು ಪಾರ್ಕಿಂಗಿನ ಕಂಬಗಳ ನಡುವೆ ನಮ್ಮ ಕಡೆಗೆ ಬಂತು. ಓಡಿ ಬರಲಿಲ್ಲ. ಮನುಷ್ಯರು ನಡೆದು ಬರುವ ವೇಗದಲ್ಲಿ ಬಂತು. ಅದನ್ನೇ ನನಗೆ ಮರೆಯಲಾಗುವುದಿಲ್ಲ.

ಯಜಮಾನರು ಗೇಟಿನ ಬಳಿ ಹೋಗಿ ಮೇಲೆ ನೋಡಿ ಕೂಗತೊಡಗಿದರು. ತೆಲುಗು, ಹಿಂದಿ, ಕನ್ನಡ ಎಲ್ಲ ಬೆರೆತ ಕೂಗು. ಮುಂದಿನ ಮೆಟ್ಟಿಲು ಗಟ್ಟಿಯಾಗಿತ್ತು. ಜನ ಇಳಿದು ಬಂದರು, ಒಬ್ಬರು ಹಲ್ಲುಜ್ಜುವ ಬ್ರಶ್ಶು ಹಿಡಿದು, ಒಬ್ಬರು ಕಂಕುಳಲ್ಲಿ ಮಗು ಎತ್ತಿಕೊಂಡು. ಮನೆಮನೆಯವರ ಹೆಸರು ಕೂಗಿ ಎಲ್ಲರೂ ಬಂದಿದ್ದಾರೆಂದು ಖಾತ್ರಿಯಾಯಿತು. ಶೇಂಗಾ ಮನೆಯಾಕೆಯ ಕೈ ಬಿಟ್ಟದ್ದು ಆಗ. ಬಿಟ್ಟು, ಮೈ ಕೊಡವಿ, ಮಗಳ ಪಾದದ ಮೇಲೆ ಮಲಗಿದಳು.

ಪಕ್ಕದ ಓಣಿಯಿಂದ ಹಿಂಭಾಗ ಕಾಣುತ್ತಿತ್ತು. ಕಾಂಪೌಂಡ್ ಗೋಡೆ ಇರಲಿಲ್ಲ. ಹಿಂದಿನ ನೆಲದ ಪಟ್ಟಿ ಗುಂಡಿಗೆ ಇಳಿದಿತ್ತು. ಮೂಲೆಯ ಒಂದು ಕಂಬದ ಬುಡದಲ್ಲಿ ಮಣ್ಣೇ ಇರಲಿಲ್ಲ, ಗಾಳಿಯಲ್ಲಿ ನಿಂತಿತ್ತು. ಮೊದಲ ಮಹಡಿಯ ಅಡುಗೆಮನೆ ಬಾಗಿಲು ಕಿತ್ತ ಕಪಾಟಿನಂತೆ ತೆರೆದುಕೊಂಡಿತ್ತು. ಡಬ್ಬಿಗಳು ಸಾಲಾಗಿ ಹಾಗೇ ಇದ್ದವು. ಪಾತ್ರೆ ತೊಳೆಯುವ ಜಾಗ ಇರಲಿಲ್ಲ. ಮುರಿದ ಪೈಪಿನಿಂದ ನೀರು ಬಿಸಿಲಿನಲ್ಲಿ ಹೊಳೆಯುತ್ತ ಗುಂಡಿಗೆ ಸುರಿಯುತ್ತಿತ್ತು. ಮನೆಯಾಕೆ ಅದನ್ನು ನೋಡುತ್ತ ನಿಂತರು. "ನಲ್ಲಿ ಬಂದ್ ಮಾಡ್ಲಿಲ್ಲ," ಎಂದಷ್ಟೇ ಹೇಳಿದರು. ಮತ್ತೆ ಮತ್ತೆ ಅದನ್ನೇ ಹೇಳಿದರು.

ಆಮೇಲೆ ಬಂದವರು ಕಾರಣ ಹೇಳಿದರು. ಗೋಡೆಯ ಹಿಂದೆ ಎಲ್ಲೋ ನೀರು ಒಸರಿ ಮಣ್ಣು ಮೆತ್ತಗಾಗಿತ್ತು. ದಿನದಿನದ ಅದುರುವಿಕೆಯಿಂದ ಸಡಿಲವಾಗುತ್ತ ಬಂದಿತ್ತು. ಬಾಗಿಲು ತಾನಾಗಿ ತೆರೆದುಕೊಳ್ಳುತ್ತಿದ್ದುದು ಚೌಕಟ್ಟು ವಾಲಿದ್ದರಿಂದ. ಎಲ್ಲ ಸರಿಯಾಗಿ ಹೊಂದುತ್ತದೆ. ನಾಯಿಯ ಕಿವಿ ನಮ್ಮದಕ್ಕಿಂತ ಚುರುಕು, ಮಣ್ಣು ಬಿರಿಯುವುದು ಕೇಳಿಸಿರಬೇಕು ಎಂದು ನಮ್ಮ ವೈದ್ಯರು ಹೇಳಿದರು. ಅದೂ ಹೊಂದುತ್ತದೆ.

ಆದರೆ ನಾನು ಮಲಗಿದಾಗ ನೋಡುವುದು ಬೇರೆಯದನ್ನು. ಇನ್ನು ಊದಬೇಕು ಅಂದುಕೊಂಡಾಗ ನನ್ನ ಬಲಗೈ ಜೇಬಿನ ಕಡೆ ಹೋಗಿತ್ತೇ? ಹೋಗಿದ್ದರೆ ಅವಳು ನನ್ನ ಕೈಯನ್ನು ನೋಡಿ, ಮೈಯ ಬಿಗಿಯನ್ನು ನೋಡಿ, ಏನೋ ಬರಲಿದೆ ಎಂದು ಎದ್ದಿರಬಹುದು. ಆಗ ಉಳಿದದ್ದೆಲ್ಲ ಆಕಸ್ಮಿಕ. ಹೋಗದಿದ್ದರೆ ಅವಳು ಹೊಸ್ತಿಲಲ್ಲಿ ನಿಂತು ಏನನ್ನೋ ಕೇಳಿದಳು. ಆ ಹಾಲನ್ನು, ಪೇಪರನ್ನು, ಹಗ್ಗವನ್ನು, ಎಲ್ಲವನ್ನೂ ಕಣ್ಣಮುಂದೆ ತಂದುಕೊಳ್ಳುತ್ತೇನೆ. ನನ್ನ ಬಲಗೈ ಮಾತ್ರ ಕಾಣುವುದಿಲ್ಲ.

ಕಟ್ಟಡಕ್ಕೆ ಬೀಗ ಬಿತ್ತು. ಕುಟುಂಬ ನಾರಾಯಣಗೂಡದ ಹಳೆಯ ಕಟ್ಟಡವೊಂದರಲ್ಲಿ ಬೀದಿಗೆ ಸಮವಾದ ಕೆಳಮನೆಯನ್ನು ಹುಡುಕಿ ಬಾಡಿಗೆಗೆ ಹೋಯಿತು. ಶೇಂಗಾ ಅವರ ಜೊತೆಗೇ ಹೋದಳು. ದತ್ತು ಇನ್ನೂ ಪಕ್ಕಾ ಆಗಿರಲಿಲ್ಲ, ಮೇಲ್ವಿಚಾರಕಿ ಕಾಯುತ್ತಿದ್ದರು. ಒಂದು ದಿನ ಮನೆಯಾಕೆ ಫೋನು ಮಾಡಿ, "ಬಂದು ಹೋಗ್ರಿ ತಂಗಿ, ಮಾತಾಡೂದೈತಿ," ಎಂದರು. ಆ ದನಿ ನನಗೆ ಗೊತ್ತು. ನಾಯಿ ಹಿಂದಿರುಗಿಸುವವರ ದನಿ. ಹಗ್ಗ ಮತ್ತು ಕೊರಳಪಟ್ಟಿ ಚೀಲಕ್ಕೆ ಹಾಕಿಕೊಂಡು ಹೋದೆ. ಭಾನುವಾರವಲ್ಲ, ಕೆಲಸದ ದಿನ.

ಬಾಗಿಲು ತೆರೆದ ಕೂಡಲೇ ಶೇಂಗಾ ನನ್ನ ಮೇಲೆ ಹಾರಿ, ಎರಡು ಸುತ್ತು ಓಡಿ, ಪಾದದ ಮೇಲೆ ಮಲಗಿದಳು. ಮನೆಯಾಕೆ ಚಹಾ ಕೊಟ್ಟು ಎದುರು ಕೂತರು.

"ಕರಕೊಂಡು ಹೋಗ್ರಿ ಅಂತ ಹೇಳಾಕಽ ಕರದೆ," ಎಂದರು. "ಆಕಿ ತಪ್ಪಿಲ್ಲ. ಆಕಿ ಆಕಳಿಸಿದ್ರೂ ನಾನು ಬಾಗಿಲಿಗಿ ಹೋಗ್ತೀನಿ. ಕಿವಿ ಅಲುಗಿಸಿದ್ರ ಎದಿ ಧಸಕ್ ಅಂತೈತಿ. ಕುಕ್ಕರ್ ಅಟ್ಟದ ಮ್ಯಾಲ ಇಟ್ಟೀನಿ. ಹಿಂಗ ಎಷ್ಟು ದಿನ ತಂಗಿ?"

ನನಗೂ ಹಾಗೇ ಆಗುತ್ತದೆ ಎಂದೆ. ಆಕೆಯ ಕೈಯ ಗೀರು ಮಾಸಿ ತೆಳ್ಳಗೆ ಬಿಳಿಯಾಗಿತ್ತು.

ಶೇಂಗಾ ಎದ್ದಳು. ಬಾಲ ಇಳಿಯಿತು.

ಎಲ್ಲಿಯೂ ಸೀಟಿ ಕೇಳಿರಲಿಲ್ಲ. ನನ್ನ ಎರಡೂ ಕೈಗಳು ಚಹದ ಕಪ್ಪಿನ ಸುತ್ತ ಇದ್ದವು. ಈ ಸಲ ನಾನು ನೋಡಿಕೊಂಡೆ. ಅವಳು ಬಂದು ಮನೆಯಾಕೆಯ ಮಣಿಕಟ್ಟು ಹಿಡಿದಳು. ಆಕೆ ನನ್ನ ಮುಖ ನೋಡಿದರು. ಇಬ್ಬರೂ ಎದ್ದೆವು. ಶಾಲೆಯಿಂದ ಬಂದು ಒಳಕೋಣೆಯಲ್ಲಿ ಓದುತ್ತಿದ್ದ ಮಗಳು ಪುಸ್ತಕ ಹಿಡಿದುಕೊಂಡೇ ಬಂದಳು. ಬಾಗಿಲ ಪಕ್ಕದಲ್ಲಿ ಮೂರು ಜೊತೆ ಚಪ್ಪಲಿ ಹೊರಮುಖವಾಗಿ ಜೋಡಿಸಿಟ್ಟಿದ್ದವು.

ಬೀದಿಯ ಆಚೆ ಬದಿಗೆ ನಿಂತೆವು. ಕೋಚಿಂಗ್ ಕ್ಲಾಸಿನ ಹುಡುಗರು ನಮ್ಮನ್ನು ಸುತ್ತಿಕೊಂಡು ಹಾದುಹೋದರು. ಮೇಲಿನ ಮನೆಯ ಅಜ್ಜಿ ಗ್ಯಾಲರಿಯಿಂದ ಬಗ್ಗಿ, "ಮಳ್ಳೀ ವಚ್ಚಾರಾ ಬಯಟಿಕಿ?" ಮತ್ತೆ ಹೊರಗೆ ಬಂದಿರಾ ಎಂದು ನಕ್ಕು, ಒಳಗೆ ಹೋದಳು. ಸ್ವಲ್ಪ ಹೊತ್ತಿನಲ್ಲಿ ಆಕೆಯೂ ಮೆಟ್ಟಿಲಿಳಿದು ಬಂದು ನಮ್ಮ ಪಕ್ಕ ನಿಂತಳು.

"ತಂಗಿ," ಮನೆಯಾಕೆ ಮನೆಯ ಮೇಲಿಂದ ಕಣ್ಣು ತೆಗೆಯದೆ ಕೇಳಿದರು, "ಇನ್ನೊಬ್ರ ಮನ್ಯಾಗ ಈಕಿ ಹಿಂಗ ಹಿಡದ್ರ, ಅವರು ಎದ್ದು ಹೊರಗ ಬರ್ತಾರೇನ್ರಿ?"

"ಇಲ್ರಿ ಅಕ್ಕಾರ. ಬರಂಗಿಲ್ಲ."

"ಹಿಂದಿನ ಸಾಲಿನ್ಯಾಗ?"

"ಅಲ್ಲಿ ಹಿಡಿಯಾಕ ಯಾರೂ ಇರಂಗಿಲ್ಲ."

ಆಕೆ ಬಿಡುವಾಗಿದ್ದ ಕೈಯಿಂದ ಶೇಂಗಾಳ ಮಡಿಸಿದ ಕಿವಿಯನ್ನು ನೆಟ್ಟಗೆ ಮಾಡಿದರು. ಅದು ಮತ್ತೆ ಮಡಿಸಿಕೊಂಡಿತು.

"ಹಂಗಾದ್ರ ಇಲ್ಲೇ ಇರ್ಲಿ ಬಿಡ್ರಿ," ಎಂದರು. "ನಾವಽ ಬರ್ತೀವಿ."

ಚೀಲದೊಳಗಿನ ಹಗ್ಗವನ್ನು ನಾನು ಹೊರಗೆ ತೆಗೆಯಲಿಲ್ಲ. ಎದುರಿನ ತೆರೆದ ಬಾಗಿಲಿನೊಳಗೆ ಫ್ಯಾನು ತಿರುಗುತ್ತಿತ್ತು, ಮೇಜಿನ ಮೇಲೆ ನನ್ನ ಅರ್ಧ ಕುಡಿದ ಚಹಾ ಕಾಣುತ್ತಿತ್ತು. ಗೋಡೆ, ಕಿಟಕಿ, ಎಲ್ಲ ಸ್ವಸ್ಥಾನದಲ್ಲಿದ್ದವು. ನಾವು ನಾಲ್ವರೂ ಅವನ್ನೇ ನೋಡುತ್ತ ನಿಂತಿದ್ದೆವು. ಶೇಂಗಾ ಇನ್ನೂ ಕೈ ಬಿಟ್ಟಿರಲಿಲ್ಲ.